ಇಬ್ಬರೇ ಬಂದಿದ್ದೇವೆ

ಹೆಲೆನ್ ಚಿಕ್ಕಮ್ಮ ನಮ್ಮೂರಿಗೆ ಬಂದಿಳಿದ ದಿನ ನನ್ನಮ್ಮ ಎಲ್ಸಿ ಮನೆ ಮುಂದೆ ಬೆಂಕಿ ಹಾಕಿಕೊಂಡು ಕಾಂಗರೂ ಬಾಲದ ಕೂದಲು ಸುಡುತ್ತ ಕೂತಿದ್ದಳು. ಐವತ್ತು ವರ್ಷದ ಹಿಂದೆ ಪೊಲೀಸರು ಜೀಪಿಗೆ ಎತ್ತಿ ಹಾಕಿಕೊಂಡು ಹೋದ ತಂಗಿ ಎದುರಿಗೆ ಬಂದು ನಿಂತಿದ್ದಾಳೆ. ಅಮ್ಮ ಒಮ್ಮೆ ಕಣ್ಣೆತ್ತಿ ನೋಡಿ, ಬಾಲವನ್ನು ಮಗುಚಿ ಹಾಕಿ, ಇನ್ನೊಂದು ಮಗ್ಗುಲು ಸುಡತೊಡಗಿದಳು.

"ಎಲ್ಸಿ ಅಂದ್ರೆ ನೀನೇ ಅಲ್ವಾ?" ಎಂದಳು ಹೆಲೆನ್.

ಅಮ್ಮ ನನ್ನ ಕಡೆ ತಿರುಗಿ, "ನೆರಿಡಾ, ಯಾರೋ ಬಿಳೀ ಹೆಂಗಸು ದಾರಿ ತಪ್ಪಿ ಬಂದಿದಾಳೆ. ಆಫೀಸು ಎಲ್ಲಿದೆ ಅಂತ ತೋರ್ಸು," ಎಂದಳು.

ಬಿಳಿ ಹೆಂಗಸು ಅನ್ನುವಷ್ಟು ಬಿಳಿಯೇನಲ್ಲ. ಹಾಲು ಹೆಚ್ಚಾದ ಚಹಾದ ಬಣ್ಣ. ಹಣೆ, ಮೂಗು, ಒಂದು ಸೊಂಟದ ಮೇಲೆ ಭಾರ ಹಾಕಿ ನಿಲ್ಲುವ ರೀತಿ ಎಲ್ಲ ಸತ್ತುಹೋದ ನನ್ನ ಅಜ್ಜಿಯದೇ. ನನಗೇ ಅಷ್ಟು ಬೇಗ ಕಂಡದ್ದು ಅಮ್ಮನಿಗೆ ಕಾಣದೇ ಇರುತ್ತದೆಯೇ? ಕಂಡಿತ್ತು. ಅದಕ್ಕೇ ಅವಳು ಎರಡನೇ ಸಲ ತಲೆ ಎತ್ತಲಿಲ್ಲ.

"ದಾರಿ ತಪ್ಪಿ ಬಂದಿಲ್ಲ. ಹುಡುಕ್ಕೊಂಡು ಬಂದಿದೀನಿ," ಎಂದಳು ಹೆಲೆನ್.

"ಹುಡುಕಿದ್ದಾಯ್ತಲ್ಲ. ವಾಪಸ್ ಹೋಗೋ ದಾರೀನೂ ಗೊತ್ತಿರ್ಬೇಕು."

ಇಬ್ಬರಿಗೂ ತಾಯಿ ಒಬ್ಬಳೇ. ಹೆಲೆನ್‌ಳ ಅಪ್ಪ ಮಾತ್ರ ನಮ್ಮವರು ದುಡಿಯುತ್ತಿದ್ದ ದನದ ಫಾರ್ಮಿಗೆ ಬೋರ್ ಕೊರೆಯಲು ಬಂದಿದ್ದ ಒಬ್ಬ ಬಿಳಿಯ. ಅವನು ಬೋರು ಮುಗಿಸಿಕೊಂಡು ಹೋದ. ನನ್ನ ತಾತ ಆ ಮಗುವನ್ನೂ ತನ್ನದೇ ಎಂದು ಹೆಗಲ ಮೇಲೆ ಹೊತ್ತು ತಿರುಗಿದ. ಆ ಕಾಲದಲ್ಲಿ ಬಣ್ಣ ತಿಳಿಯಾದ ಮಕ್ಕಳನ್ನು ಬಿಳಿಯರ ಹಾಗೆ ಬೆಳೆಸಲು ಸರ್ಕಾರದವರು ಹಿಡಿದುಕೊಂಡು ಹೋಗುತ್ತಿದ್ದರು. ಅಜ್ಜಿ ದಿನಾ ಬೆಳಿಗ್ಗೆ ಕೊಬ್ಬಿನಲ್ಲಿ ಇದ್ದಿಲು ಕಲಸಿ ಮಗುವಿನ ಮೈಗೆ ಬಳಿಯುತ್ತಿದ್ದಳಂತೆ. ಒಂದು ದಿನ ಮಕ್ಕಳೆಲ್ಲ ದನದ ನೀರಿನ ತೊಟ್ಟಿಯಲ್ಲಿ ಇಳಿದು ಮಸಿಯೆಲ್ಲ ತೊಳೆದುಹೋಗುವ ಹಾಗೆ ಆಡುತ್ತಿರುವಾಗಲೇ ಜೀಪು ಬಂತು. ಹೆಲೆನ್‌ಗೆ ಆಗ ನಾಲ್ಕು ವರ್ಷ.

ನಗರದಲ್ಲಿ ಬೆಳೆದು ಅವಳು ಚಿತ್ರಗಾರ್ತಿಯಾದಳು ಅನ್ನುವುದು ನಮಗೆ ಗೊತ್ತಿತ್ತು. ಅವಳು ಬರೆಯುವುದೆಲ್ಲ ಒಂದೇ ಜಾಗ, ಇಲಾರಿ ಅನ್ನುವುದೂ ಗೊತ್ತಿತ್ತು. ಸಿಟ್ಟು ಹೊತ್ತಿದ್ದೇ ಅಲ್ಲಿಂದ.

ಇಲಾರಿ ನನ್ನ ತಾತನ ನೆಲ. ಊರಿಂದ ಪಡುವಣಕ್ಕೆ ಅರ್ಧ ದಿನದ ದಾರಿ. ಎರಡು ಕೆಂಪು ಗುಡ್ಡ, ನಡುವೆ ಬಂಡೆಯ ಮಡು. ಅಮ್ಮ ಹುಟ್ಟಿದ್ದು ಆ ಮಡುವಿನ ಪಕ್ಕದಲ್ಲಿ. ಊರ ಹೆಂಗಸರು ಚಿತ್ರ ಬರೆಯುವ ಶೆಡ್ಡಿನಲ್ಲಿ ಕೂತು ಅವಳು ಇಷ್ಟು ವರ್ಷ ಬರೆದದ್ದೂ ಅದನ್ನೇ. ಆಕಾಶದಲ್ಲಿ ನಿಂತು ಕೆಳಗೆ ನೋಡಿದ ಹಾಗೆ ಮಡು, ಸುತ್ತ ಹೆಂಗಸರು ಕೂತ ಗುರುತು, ನೀರಿನ ಯಜಮಾನನಾದ ದೊಡ್ಡ ಹಾವು ಹರಿದ ದಾರಿ, ಎಲ್ಲ ಚುಕ್ಕಿಯಲ್ಲಿ. ಅದನ್ನು ಬರೆಯುವ ಹಕ್ಕು ಅವಳಿಗೆ ತಾತ ಬಾಯಾರೆ ಹೇಳಿ ಕೊಟ್ಟದ್ದು. ಒಬ್ಬರ ನೆಲವನ್ನು ಇನ್ನೊಬ್ಬರು ಕೇಳದೆ ಬರೆದರೆ ನಮ್ಮಲ್ಲಿ ಅದಕ್ಕಿಂತ ದೊಡ್ಡ ಕಳ್ಳತನವಿಲ್ಲ.

ಮಾರನೇ ದಿನ ಹೆಲೆನ್ ಶೆಡ್ಡಿಗೆ ಬಂದು, ಹೊತ್ತು ತಂದಿದ್ದ ಕ್ಯಾನ್ವಾಸಿನ ಸುರುಳಿಯನ್ನು ನೆಲದ ಮೇಲೆ ಬಿಚ್ಚಿದಳು. ಬಿಳಿಯರ ರೀತಿಯ ಚಿತ್ರ. ಮೇಲಿನ ಅರ್ಧಕ್ಕೆ ನೀಲಿ ಆಕಾಶ, ಕೆಳಗೆ ಸಂಜೆ ಬಿಸಿಲಿನಲ್ಲಿ ಕೆಂಪಾಗಿ ಉರಿಯುವ ಗುಡ್ಡ, ಮಗ್ಗುಲಲ್ಲಿ ನೇರಳೆ ನೆರಳು. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿತ್ತು. ಬರೆಯುತ್ತಿದ್ದ ಹೆಂಗಸರೆಲ್ಲ ಕುಂಚ ಕೆಳಗಿಟ್ಟು ನೋಡಿದರು. ಅಷ್ಟರಲ್ಲಿ ಅಮ್ಮ ಬರಿಗಾಲಲ್ಲಿ ಒಳಗೆ ಬಂದಳು.

"ಇದ್ಯಾವ ಜಾಗ?"

"ಇಲಾರಿ."

"ಗುಡ್ಡ ಎರಡೂ ಹೀಗೆ ಅಂಟ್ಕೊಂಡಿಲ್ಲ. ನಡುವೆ ದಾರಿ ಇದೆ. ನೀರೆಲ್ಲಿ?"

ಹೆಲೆನ್ ತನ್ನ ಚಿತ್ರವನ್ನೇ ನೋಡುತ್ತ ಹೇಳಿದಳು. "ನೀರು ನೆನಪಿಲ್ಲ. ಗುಡ್ಡ ನೆನಪಿದೆ."

"ಕೇಳಿದ್ರೇನೇ?" ಎಂದಳು ಅಮ್ಮ ಉಳಿದವರ ಕಡೆ ತಿರುಗಿ. "ನೀರು ಮರ್ತು ಗುಡ್ಡ ನೆನಪಿಟ್ಕೊಂಡಿದಾಳಂತೆ. ಅರ್ಧ ಬಟ್ಟೆಗೆ ಆಕಾಶ ಬೇರೆ. ಆಕಾಶ ಯಾರ್ದೇ, ನಿಮ್ಮಪ್ಪಂದಾ? ಅವನು ಪಾಪ ನೆಲದೊಳಗೆ ಕೊರ್ದು ಹೋದ. ಆಕಾಶ ಮುಟ್ಟಿರ್ಲಿಲ್ಲ."

ಹೆಂಗಸರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಹೆಲೆನ್‌ಳ ಕಿವಿಯ ತನಕ ರಕ್ತ ಏರಿತು. ಆದರೂ ಅವಳೇನು ಬಾಯಿ ಸತ್ತವಳಲ್ಲ.

"ನಿನ್ನ ಚುಕ್ಕಿ ಇದೆಯಲ್ಲ ಅಕ್ಕ, ಅದನ್ನ ಸಿಟೀಲಿ ಕಿಟಕಿ ಪರದೆಗೆ ಅಚ್ಚು ಹಾಕಿ ಮಾರ್ತಾರೆ. ಕಾಲೊರೆಸೋ ಚಾಪೆಗೂ ಹಾಕ್ತಾರೆ. ನೋಡಿದೀಯಾ?"

ಯಾರೂ ನಗಲಿಲ್ಲ. ಅಮ್ಮ ಆ ಚಿತ್ರದ ಮೇಲೆ ನಡೆದಳು. ಕೆಳಗಿನ ಅಂಚಿನಿಂದ ಶುರುಮಾಡಿ, ಗುಡ್ಡದ ಮೇಲೆ ಹತ್ತಿ, ಆಕಾಶ ದಾಟಿ ಆ ಕಡೆ ಒಂದು ಕಾಲು ಇಳಿಸಿದಳು. ಹಿಂದೆ ಕೆಂಪು ಧೂಳಿನ ಹೆಜ್ಜೆ ಸಾಲಾಗಿ ಮೂಡಿತ್ತು.

"ನೆಲ ಅಂದ್ರೆ ಕಾಲಿಡೋಕೆ," ಎಂದಳು. "ಇಟ್ಟೆ."

ಹೆಲೆನ್ ಬಗ್ಗಿ ಬಟ್ಟೆಯನ್ನು ಜಗ್ಗಿದಳು. ಆಕಾಶದ ಅಂಚಿನಲ್ಲಿ ಇನ್ನೂ ಒಂದು ಕಾಲಿಟ್ಟುಕೊಂಡಿದ್ದ ಅಮ್ಮ ಬೆನ್ನು ಅಡಿಯಾಗಿ ಬಿದ್ದಳು. ಬಿದ್ದವಳು ಎದ್ದದ್ದೇ ಬಾಗಿಲ ಹಿಂದಿದ್ದ ಗೆಡ್ಡೆ ಅಗೆಯುವ ಕೋಲು ತೆಗೆದುಕೊಂಡಳು. ನಾವು ಹಿಡಿಯುವ ಮೊದಲೇ ಒಂದು ಏಟು ಹೆಲೆನ್‌ಳ ಭುಜಕ್ಕೆ ಬಿತ್ತು. ಅವಳು ಅಮ್ಮನ ಕೂದಲು ಹಿಡಿದಳು. ಬಣ್ಣದ ಡಬ್ಬಿಗಳು ಉರುಳಿದವು. ಶೆಡ್ಡು ನೋಡಿಕೊಳ್ಳುವ ಬಿಳಿ ಹುಡುಗಿ ಗೋಡೆಗೆ ಒರಗಿ ನಿಂತುಬಿಟ್ಟಳು. ಯಾರೋ ಓಡಿಹೋಗಿ ಹೆಕ್ಟರ್ ಅಜ್ಜನನ್ನು ಗಾಲಿ ಕುರ್ಚಿಯಲ್ಲಿ ತಳ್ಳಿಕೊಂಡು ಬಂದರು.

ಹೆಕ್ಟರ್ ಅಜ್ಜ ನನ್ನ ಅಜ್ಜಿಯ ತಮ್ಮ, ಇವರಿಬ್ಬರಿಗೂ ಸೋದರಮಾವ. ಸಕ್ಕರೆ ಕಾಯಿಲೆಯಲ್ಲಿ ಒಂದು ಕಾಲು ಹೋಗಿತ್ತು, ಮಾತಿನ ತೂಕ ಹೋಗಿರಲಿಲ್ಲ. ಧೂಳು ಮೆತ್ತಿದ ಚಿತ್ರವನ್ನು ಬಹಳ ಹೊತ್ತು ನೋಡಿದ.

"ಎಲ್ಸಿ, ನೀನು ಹೇಳೋದು ಸರಿ. ಇವಳಿಗೆ ಆ ಜಾಗ ಗೊತ್ತಿಲ್ಲ. ಗೊತ್ತು ಮಾಡ್ಸೋದು ಯಾರ ಕೆಲಸ?"

"ನಂದಲ್ಲ ಮಾವ."

"ಮತ್ಯಾರ್ದು? ಅಕ್ಕ ಅಂತ ಇರೋದು ಕೋಲಲ್ಲಿ ಹೊಡ್ಯೋಕಾ? ನಾಳೆ ಕರ್ಕೊಂಡು ಹೋಗು. ನೀರಿಗೆ ಇವಳನ್ನ ತೋರ್ಸು. ಆಮೇಲೆ ಬೇಕಾದ್ರೆ ಇಬ್ಬರೂ ಸಾಯೋವರ್ಗೂ ಬಡಿದಾಡಿ, ನಾನು ಬೇಡ ಅನ್ನಲ್ಲ."

ಹೆಕ್ಟರ್ ಅಜ್ಜ ಹೇಳಿದ ಮೇಲೆ ಮುಗಿಯಿತು.

ಬೆಳಿಗ್ಗೆ ಹೊರಟೆವು. ಟೊಯೋಟಾ ನಾನು ಓಡಿಸಿದೆ. ಅಮ್ಮ ಮುಂದೆ, ಹೆಲೆನ್ ಹಿಂದೆ ಸೌದೆ, ನೀರಿನ ಕ್ಯಾನು, ಹಿಟ್ಟಿನ ಚೀಲಗಳ ನಡುವೆ.

"ಕಿಟಕಿ ಮುಚ್ಲಾ? ಧೂಳು ಬರ್ತಿದೆ," ಎಂದಳು ಹೆಲೆನ್.

"ಬರ್ಲಿ ಬಿಡು. ನಿನ್ನ ನೆಲ ಅಲ್ವಾ, ತಿನ್ನು."

ಹೆಲೆನ್ ಮುಚ್ಚಲಿಲ್ಲ. ಕನ್ನಡಿಯಲ್ಲಿ ನೋಡಿದರೆ ರೆಪ್ಪೆಯ ತನಕ ಕೆಂಪು ಮೆತ್ತಿಕೊಂಡು ಹಠದಿಂದ ಹೊರಗೆ ನೋಡುತ್ತ ಕೂತಿದ್ದಳು. ನಡುವೆ ಒಂದು ಕಡೆ ಇಳಿದಾಗ ಹಳದಿ ಹೂವಿನ ಪೊದೆಯೊಂದನ್ನು ತೋರಿಸಿ, ನಮ್ಮ ಭಾಷೆಯಲ್ಲಿ ಇದಕ್ಕೆ ಏನನ್ನುತ್ತಾರೆ ಎಂದು ಕೇಳಿದಳು. ಅಮ್ಮ ಒಂದು ಮಾತು ಹೇಳಿದಳು. ಗಂಡಸರ ಎದುರು ಆಡುವ ಮಾತಲ್ಲ ಅದು. ಹೆಲೆನ್ ಅದನ್ನು ಮೆಲ್ಲಗೆ, ಅಕ್ಕರೆಯಿಂದ, ನಾಲ್ಕೈದು ಸಲ ಹೇಳಿಕೊಂಡಳು. ನಾನು ಮುಖ ತಿರುಗಿಸಿ ಟೈರು ನೋಡುವ ನೆಪ ಮಾಡಿದೆ.

ಗಾಡಿ ಹತ್ತಿದ ಮೇಲೆ ಅವಳು ಹೇಳಿದಳು: "ಅದು ಗಿಡದ ಹೆಸರಲ್ಲ ಅಂತ ನಿನ್ನ ಮಗಳ ಬೆನ್ನು ನೋಡಿದ್ರೇ ಗೊತ್ತಾಯ್ತು."

"ಮತ್ಯಾಕೆ ಜಪ ಮಾಡ್ದೆ?"

"ನಿನ್ನನ್ನ ಬೈಯೋಕೆ ಒಂದು ಮಾತು ಬೇಕಿತ್ತು."

ಅಮ್ಮನ ತುಟಿ ಒಂದು ಕ್ಷಣ ನಗುವಿಗೆ ಹೊರಟಿತು. ತಕ್ಷಣ ಬಿಗಿದುಕೊಂಡಳು.

ಹೊತ್ತು ನೆತ್ತಿಗೆ ಬರುವಾಗ ಇಲಾರಿ ಕಾಣಿಸಿತು. ಗುಡ್ಡಗಳ ಸಂದಿಗೆ ಸ್ವಲ್ಪ ದೂರದಲ್ಲೇ ಗಾಡಿ ನಿಲ್ಲಿಸಬೇಕು. ಆ ನೆಲದ ಹಿರಿಯರು ಮುಂದೆ ಹೋಗಿ, ಗಟ್ಟಿಯಾಗಿ ಕೂಗಿ, ಯಾರು ಬಂದಿದ್ದಾರೆ ಎಂದು ಸತ್ತವರಿಗೂ ನೀರಿನ ಯಜಮಾನನಿಗೂ ಹೇಳಬೇಕು. ಹೊಸಬರಿದ್ದರೆ ಬಾಯಲ್ಲಿ ಮಡುವಿನ ನೀರು ತುಂಬಿ ಅವರ ತಲೆಗೆ ಉಗುಳಿ ಒರೆಸಬೇಕು. ಆ ವಾಸನೆ ಹಿಡಿದು ನೀರು ಅವರ ಗುರುತು ಹಚ್ಚುತ್ತದೆ. ಹಾಗೆ ಹೇಳದೆ ಹೋದವರಿಗೆ ಕಾಯಿಲೆ ಬರುತ್ತದೆ, ದಾರಿ ತಪ್ಪುತ್ತದೆ. ಇದು ನಮ್ಮ ಮೂರು ವರ್ಷದ ಮಗುವಿಗೂ ಗೊತ್ತು.

ಅಮ್ಮ ಇಳಿದು ಹತ್ತು ಮಾರು ಮುಂದೆ ಹೋಗಿ ನಿಂತು ನಮ್ಮ ಭಾಷೆಯಲ್ಲಿ ಕೂಗಿದಳು. "ಅಜ್ಜಂದಿರಾ, ಅಜ್ಜಿಯರಾ, ನಾನು ಎಲ್ಸಿ. ಜೊತೆಗೆ ಮಗಳು ನೆರಿಡಾ. ಇಬ್ಬರೇ ಬಂದಿದ್ದೇವೆ. ಸಿಟ್ಟು ಮಾಡಬೇಡಿ."

ಗುಡ್ಡದಿಂದ ಅವಳ ದನಿ ತಿರುಗಿ ಬಂತು. ಹೆಲೆನ್ ನನ್ನ ಪಕ್ಕದಲ್ಲಿ ಟೋಪಿ ಕೈಲಿ ಹಿಡಿದು ತಲೆ ತಗ್ಗಿಸಿ ನಿಂತಿದ್ದಳು.

ನಾನು ಅಮ್ಮನ ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ. "ಅಮ್ಮಾ, ನಾವು ಮೂರು ಜನ."

"ನನ್ನ ಲೆಕ್ಕ ಸರಿಯಾಗೇ ಇದೆ."

"ಅಜ್ಜ ನೀರಿಗೆ ತೋರ್ಸು ಅಂದಿದ್ದ."

"ನೀರು ತೋರಿಸ್ತಿದೀನಲ್ಲ. ಅಗೋ, ಅಲ್ಲಿದೆ. ನೋಡ್ಲಿ."

ಅಮ್ಮ ಕೂಗಿದ ಮೇಲೆ ಅದರ ಮೇಲೆ ನಾನು ಕೂಗುವಂತಿಲ್ಲ. ಹಿರಿಯ ಬಾಯಿ ಮುಚ್ಚಿದ ಕಡೆ ಕಿರಿಯ ಬಾಯಿ ತೆರೆದರೆ ಅದು ಇನ್ನೊಂದು ತಪ್ಪು. ಹೆಲೆನ್‌ಳನ್ನು ಹೇಗಾದರೂ ಗಾಡಿಯ ಹತ್ತಿರವೇ ನಿಲ್ಲಿಸೋಣ ಎಂದು ತಿರುಗಿದೆ. ಅವಳು ಆಗಲೇ ನಮ್ಮನ್ನು ದಾಟಿ ಹೋಗಿದ್ದಳು. ಮಡುವಿನ ಅಂಚಿನಲ್ಲಿ ಮಂಡಿಯೂರಿ, ಬೊಗಸೆ ತುಂಬಿ ಕುಡಿದಳು. ಮತ್ತೆ ಬಗ್ಗಿ ಕುಡಿದಳು. ಹೊಟ್ಟೆ ತುಂಬುವಷ್ಟು ಕುಡಿದು, ಬಾಯಿ ಒರೆಸಿಕೊಂಡು, ಬಂಡೆಯ ಮೇಲೆ ಕೂತು ಕಾಗದ ತೆಗೆದಳು.

ನಾವು ಬೆಂಕಿ ಮಾಡಿ ರೊಟ್ಟಿ ಸುಟ್ಟೆವು. ಅಮ್ಮ ಮಡುವಿಗೆ ಹೋಗಿ ತಾನೂ ಕುಡಿದು ಬಂದಳು, ನನಗೂ ತಂದುಕೊಟ್ಟಳು. ಊಟ ಮಾತ್ರ ಮಾಡಲಿಲ್ಲ. ರೊಟ್ಟಿಯ ಚೂರನ್ನು ಬೆರಳಲ್ಲಿ ಉಂಡೆ ಕಟ್ಟುತ್ತ, ಬಂಡೆಯ ಮೇಲೆ ಕೂತವಳ ಬೆನ್ನನ್ನೇ ನೋಡುತ್ತಿದ್ದಳು.

ನೆರಳು ವಾಲುವ ಹೊತ್ತಿಗೆ ಹೆಲೆನ್ ಎದ್ದು ಪೊದೆಯ ಹಿಂದೆ ಹೋದಳು. ವಾಂತಿಯ ಸದ್ದು ಕೇಳಿಸಿತು. ತಿರುಗಿ ಬಂದಾಗ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಆ ಬಿಸಿಲಲ್ಲೂ ಹಲ್ಲು ಕಟಕಟ ಅನ್ನುತ್ತಿತ್ತು. ನಾನು ಕಂಬಳಿ ಹೊದಿಸಿದೆ.

"ಬಿಸಿಲಿಗೆ ಅಷ್ಟೇ," ಎಂದಳು ಅಮ್ಮ.

ಹೆಲೆನ್ ಅವಳನ್ನೇ ನೋಡಿದಳು. "ಇಬ್ಬರೇ ಅಂದೆ ಅಲ್ವಾ?"

ಅಮ್ಮ ಬೆಂಕಿಗೆ ಒಂದು ಕೊಳ್ಳಿ ನೂಕಿದಳು.

"ನಂಗೆ ಭಾಷೆ ಬರಲ್ಲ ಅಂತ ನೀನು ಅಂದ್ಕೊಂಡೆ. ಸಿಟೀಲಿ ಈ ಕಡೆಯ ಒಬ್ಬಳು ಮುದುಕಿ ಇದಾಳೆ, ಅವಳ ಹತ್ರ ಕೂತು ಕಲ್ತೆ. ನೀರು, ಬೆಂಕಿ, ಅಮ್ಮ, ಒಂದು, ಎರಡು. ಅಷ್ಟೇ ಬರೋದು. ಅಷ್ಟು ಸಾಕಾಯ್ತು ಇವತ್ತು."

"ಗೊತ್ತಿದ್ದೂ ಕುಡಿದ್ಯಾ?"

"ಕುಡಿದೆ. ಹೊಸಬರನ್ನ ಹೇಳದೇ ಬಿಟ್ರೆ ಏನಾಗುತ್ತೆ ಅಂತಾನೂ ಆ ಮುದುಕಿ ಹೇಳಿದ್ಲು. ಆದ್ರೂ ಕುಡಿದೆ. ನನ್ನನ್ನ ಯಾವ ಮನೆ ಬಾಗಿಲಲ್ಲೂ 'ಇವಳು ನಮ್ಮವಳು' ಅಂತ ಯಾರೂ ಹೇಳಿಲ್ಲ ಎಲ್ಸಿ. ಹೇಳ್ಲಿ ಅಂತ ಕಾಯ್ತಾ ಕೂತಿದ್ರೆ ನಾಲ್ಕನೇ ವಯಸ್ಸಲ್ಲೇ ಬಾಯಾರಿ ಸಾಯ್ತಿದ್ದೆ."

ಅಮ್ಮ ಎದ್ದು ನಿಂತಳು. ಹೊಡೆಯುತ್ತಾಳೇನೋ ಎಂದು ನಾನೂ ಎದ್ದೆ. ಹೊಡೆಯಲಿಲ್ಲ. ಬಾಯಿಂದ ಹೊರಟದ್ದು ನಾನು ಹುಟ್ಟಿದಾಗಿನಿಂದ ಕೇಳಿರದ ಮಾತು.

"ನೀನು ಹೋದ್ಮೇಲೆ ನಮ್ಮಮ್ಮ ನನ್ನ ಮುಖ ನೋಡ್ಲಿಲ್ಲ. ರಸ್ತೆ ಕಡೆ ತಿರುಗಿ ಕೂತವಳು ಕೂತೇ ಇದ್ಲು. ಮಾಂಸ ಸುಟ್ಟರೆ ಮೊದಲ ತುಂಡು ನಿಂಗೆ ಅಂತ ಎತ್ತಿಡ್ತಿದ್ಲು. ನೊಣ ಮುತ್ತೋದು. ನಾನು ಕೈ ಚಾಚಿದ್ರೆ ಕೋಲಲ್ಲಿ ಹೊಡೀತಿದ್ಲು. ಕೊನೆಗೆ ನಾಯಿ ಬಂದು ತಿನ್ನೋದು. ನಾಯಿಗೆ ಹೊಡೀತಿರ್ಲಿಲ್ಲ. ಕಣ್ಣು ಹೋದ್ಮೇಲೆ ಅವಳ ಉಚ್ಚೆ ಬಳಿದಿದ್ದು ನಾನು. ನನ್ನ ಕೈ ಹಿಡ್ಕೊಂಡು ನಿನ್ನ ಹೆಸರು ಕರೀತಿದ್ಲು. ನಾನು ಹೂಂ ಅಂತಿದ್ದೆ. ಸಾಯೋವರ್ಗೂ ನಾನು ನೀನಾಗಿ ಹೂಂ ಅಂದಿದೀನಿ. ಅವಳು ಸತ್ತಿದ್ದು ನಿನ್ನ ಮಡಿಲಲ್ಲಿ ಅಂದ್ಕೊಂಡು. ಈಗ ಬಂದಿದೀಯ, ಇಲಾರಿನೂ ಬೇಕು ಅಂತ."

ಹೆಲೆನ್ ಕಂಬಳಿಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು.

"ಏನದು ಹೆಸರು? ಅವಳು ಕರೀತಿದ್ದ ಹೆಸರು."

"ಹೇಳೋ ಹಾಗಿಲ್ಲ. ಅದೇ ಹೆಸರಿನ ಮುದುಕಿ ಹೋದ ಚಳಿಗಾಲ ಸತ್ಲು. ಸತ್ತವರ ಹೆಸರು ಈಗ ಯಾರೂ ಎತ್ತಬಾರ್ದು."

ಹೆಲೆನ್ ನಕ್ಕಳು. ಕೇಳಲು ಹಿತವಾದ ನಗು ಅಲ್ಲ. "ಅದೂ ಇಲ್ಲ. ಸರಿ." ಕಂಬಳಿಯಲ್ಲಿ ಬಾಯಿ ಒರೆಸಿಕೊಂಡಳು. "ನಂಗೆ ಅಮ್ಮ ಸತ್ತೋಗಿದಾಳೆ ಅಂದಿದ್ರು. ಐದನೇ ವಯಸ್ಸಲ್ಲಿ. ನಾನು ಅತ್ತು ಮುಗ್ಸಿದ್ದೆ. ನಿನಗೆ ಹೊಡೆಯೋಕಾದ್ರೂ ಒಬ್ಬಳು ಇದ್ಲಲ್ಲ."

ಮತ್ತೆ ವಾಂತಿ ಬಂತು. ಈ ಸಲ ಪೊದೆಯವರೆಗೆ ಹೋಗಲಾಗಲಿಲ್ಲ. ನಾನು ಅವಳ ಹಣೆ ಹಿಡಿದುಕೊಂಡೆ. ತಲೆ ಎತ್ತಿ ನೋಡಿದಾಗ ಅಮ್ಮ ಅಲ್ಲಿರಲಿಲ್ಲ. ಮಡುವಿನ ಅಂಚಿನಲ್ಲಿ ನಿಂತು ಕೂಗುತ್ತಿದ್ದಳು. ಮೊದಲು ಕೂಗಿದ ದನಿ ಅಲ್ಲ; ಬೀದಿ ಜಗಳದ ದನಿ.

"ಕೇಳ್ರೀ ಎಲ್ಲಾ. ಆಗ ನಾನು ಸುಳ್ಳು ಹೇಳ್ದೆ. ಮೂರು ಜನ ಬಂದಿದೀವಿ. ಇನ್ನೊಬ್ಬಳು ಇದಾಳೆ, ನನ್ನಮ್ಮನ ಕಿರಿ ಮಗಳು. ನನ್ನಪ್ಪ ಇದೇ ದಾರೀಲಿ ಹೆಗಲ ಮೇಲೆ ಹೊತ್ತು ತಂದಿದ್ನಲ್ಲ, ಅವಳೇ. ಕೆಟ್ಟ ಬಾಯಿ. ನಡುವೆ ದಾರಿ ಇಲ್ಲದ ಗುಡ್ಡ ಬರೀತಾಳೆ. ನಂಗೆ ಇವಳು ಬೇಡ. ಆದ್ರೆ ನಿಮ್ಮವಳು. ಸಾಯಿಸಬೇಡಿ. ಗುರುತು ಇಟ್ಕೊಳ್ಳಿ."

ಬಗ್ಗಿ ಬಾಯಿ ತುಂಬ ನೀರು ತುಂಬಿಕೊಂಡು ಸೀದಾ ನಮ್ಮ ಕಡೆ ಬಂದಳು. ಹೆಲೆನ್‌ಳ ಮುಂದೆ ನಿಂತು, ಅವಳ ನೆತ್ತಿಗೆ, ಮುಖಕ್ಕೆ, ಆ ನೀರನ್ನೆಲ್ಲ ಫೂ ಎಂದು ಉಗಿದಳು. ಹೆಲೆನ್ ಹೊಡೆಯಲು ಕೈ ಎತ್ತಿದಳು. ಅಮ್ಮ ಆ ಮಣಿಕಟ್ಟು ಹಿಡಿದುಕೊಂಡು, ಇನ್ನೊಂದು ಅಂಗೈಯಲ್ಲಿ ಅವಳ ತಲೆ, ಹಣೆ, ಕತ್ತು, ಎದೆಯನ್ನು ಚರ್ಮ ಕಿತ್ತು ಬರುವಷ್ಟು ಜೋರಾಗಿ ಉಜ್ಜಿದಳು.

"ಕೈ ಇಳಿಸು ಚಿಕ್ಕಮ್ಮ," ಎಂದೆ. "ಈಗ ಹೇಳಿದಾಳೆ."

ಎತ್ತಿದ ಕೈ ಕೆಳಗಿಳಿಯಿತು. ಅವಳು ಅಳುತ್ತಿದ್ದಳೋ ಮಡುವಿನ ನೀರು ಇಳಿಯುತ್ತಿತ್ತೋ ನನಗೆ ಗೊತ್ತಾಗಲಿಲ್ಲ. ಅಮ್ಮನಂತೂ ಅಳಲಿಲ್ಲ. ಬೆಂಕಿಗೆ ಮಣ್ಣು ಹಾಕಿ, "ನಡಿ, ರಾತ್ರಿಯಾದ್ರೂ ಕ್ಲಿನಿಕ್ ಸೇರ್ಬೇಕು," ಎಂದಳು. ದಾರಿಯುದ್ದಕ್ಕೂ ಹಿಂದಿನ ಸೀಟಿನಲ್ಲಿ ಹೆಲೆನ್‌ಳ ಪಕ್ಕ ಕೂತಿದ್ದಳು. ಒರಗಲು ಭುಜ ಕೊಟ್ಟಳು ಎಂದು ಯಾರೂ ತಿಳಿಯಬೇಡಿ. ಸೌದೆ ಉರುಳಿ ಬೀಳದ ಹಾಗೆ ಹಿಡಿದುಕೊಂಡಿದ್ದಳು, ಅಷ್ಟೇ.

ಕ್ಲಿನಿಕ್ಕಿನ ನರ್ಸು ಡ್ರಿಪ್ ಹಾಕಿದಳು. ಆ ಮಡುವಿಗೆ ಕಾಡುಬಿದ್ದ ಒಂಟೆಗಳು ಇಳಿದು ನೀರು ಕೆಡಿಸುತ್ತವೆ, ಹೊಟ್ಟೆಗೆ ಹೊಸ ನೀರು ಒಗ್ಗಿಲ್ಲ ಎಂದಳು. ಹೆಕ್ಟರ್ ಅಜ್ಜನೂ ಕೇಳಿ ತಲೆಯಾಡಿಸಿ, ನೀರಿಗೆ ಇವಳು ಒಗ್ಗಿರ್ಲಿಲ್ಲ, ಎಂದ. ಅಮ್ಮ ಇಬ್ಬರೇ ಎಂದು ಕೂಗಿದ್ದು ಅಷ್ಟರಲ್ಲೇ ಊರಿಗೆಲ್ಲ ಗೊತ್ತಾಗಿತ್ತು. ಶೆಡ್ಡಿನ ಹೆಂಗಸರು ಬಹಳ ದಿನ ಅವಳ ಹತ್ತಿರ ಕೂರಲಿಲ್ಲ. ಅವಳೂ ಯಾರನ್ನೂ ಕರೆಯಲಿಲ್ಲ.

ಹೆಲೆನ್ ಮೈ ಸುಧಾರಿಸಿಕೊಂಡು ಅಮ್ಮನಿಗೆ ಹೇಳದೆ ನಗರಕ್ಕೆ ಹೊರಟುಹೋದಳು. ಮುಂದಿನ ಚಳಿಗಾಲಕ್ಕೆ ತಿರುಗಿ ಬಂದು ಕ್ಲಿನಿಕ್ಕಿನ ಹಿಂದಿನ ಖಾಲಿ ಮನೆಯಲ್ಲಿ ಉಳಿದಳು. ಈಗ ಶೆಡ್ಡಿನ ಒಂದು ಮೂಲೆಯಲ್ಲಿ ಅವಳು, ಎದುರು ಮೂಲೆಯಲ್ಲಿ ಅಮ್ಮ. ಹೆಲೆನ್ ಬರೆಯುವ ಗುಡ್ಡಗಳ ನಡುವೆ ದಾರಿ ಬಂತು, ದಾರಿಯ ಕೊನೆಯಲ್ಲಿ ನೀರು ಬಂತು. ಅಮ್ಮ ಆಚೆ ಹೋಗುವಾಗ ಒಮ್ಮೆ ನಿಂತು ನೋಡಿ, "ಇನ್ನೂ ಆಕಾಶ ಜಾಸ್ತಿ," ಎಂದು ಹೋಗುತ್ತಾಳೆ. ಹೆಲೆನ್ ಅವಳ ಬೆನ್ನಿಗೆ ಆ ಹಳದಿ ಹೂವಿನ ಗಿಡದ ಹೆಸರು ಹೇಳುತ್ತಾಳೆ. ತಂಗಿ ಅಂತ ಅಮ್ಮ ಇವತ್ತಿನವರೆಗೂ ಕರೆದಿಲ್ಲ. "ಅವಳು" ಅನ್ನುತ್ತಾಳೆ.

ಎರಡು ವರ್ಷ ಕಳೆದು ಹೆಕ್ಟರ್ ಅಜ್ಜ ತೀರಿಕೊಂಡ. ಅವನ ಹೆಸರು ಎತ್ತಬಾರದ ಕಾಲ ಮುಗಿದಿದೆ, ಅದಕ್ಕೇ ಈಗ ಹೇಳುತ್ತಿದ್ದೇನೆ. ಊರಾಚೆ ಸಾವಿನ ಬಿಡಾರ ಹಾಕಿದೆವು. ಹೆಂಗಸರು ಮೈಗೆ ಬಿಳಿ ಜೇಡಿ ಬಳಿದುಕೊಂಡು, ಯಾರು ಸತ್ತವರಿಗೆ ಏನಾಗಬೇಕೋ ಆ ಪ್ರಕಾರ ಕೂತು ಅಳುತ್ತಿದ್ದರು. ಹೆಲೆನ್ ಶೆಡ್ಡಿನ ಬಿಳಿ ಹುಡುಗಿ, ನರ್ಸು, ಅಂಗಡಿಯವರ ಜೊತೆ ದೂರದಲ್ಲಿ ನಿಂತಿದ್ದಳು.

ಅಮ್ಮ ಅಳು ನಿಲ್ಲಿಸಿ ಎದ್ದಳು. ಅಷ್ಟು ಜನರ ನಡುವೆ ನಡೆದುಹೋಗಿ ಅವಳ ಮೊಣಕೈ ಹಿಡಿದು ಎಳೆದಳು.

"ಅಲ್ಲೇನು ನಿಂತಿದೀಯ ನೋಡೋಕೆ ಬಂದವಳ ಹಾಗೆ? ಮಾವ ನಿಂಗೂ ಮಾವ ಅಲ್ವಾ?"

ಎಳೆದು ತಂದು ತನ್ನ ಪಕ್ಕದಲ್ಲಿ ಕುಕ್ಕರಿಸಿ, ಡಬ್ಬಿಯಿಂದ ಜೇಡಿ ತೆಗೆದು ಅವಳ ಮುಖಕ್ಕೆಲ್ಲ ಮೆತ್ತಿದಳು.

"ಕಣ್ಣಿಗೆ ಹೋಯ್ತು," ಎಂದಳು ಹೆಲೆನ್.

"ಹೋಗ್ಲಿ. ಹೇಗೂ ಅಳ್ಬೇಕಲ್ಲ."